ಅರ್ಧ ಲೋಟ ಕಾಫಿ

"ಅಮ್ಮಾ, ಬಾಯಿ ದೊಡ್ಡದಾಗಿ ತೆಗೀರಿ. ನಾಲಿಗೆ ಹೊರಗೆ ಚಾಚಿ."

ಪಿತ್ತಕೋಶದ ಕಲ್ಲು ತೆಗೆಸಲು ಬಂದವರ ಬಾಯಲ್ಲಿ ಏನು ಹುಡುಕ್ತಾರಪ್ಪಾ ಅಂತ ಲ್ಯಾಪ್‌ಟಾಪಿನಿಂದ ತಲೆ ಎತ್ತಿದೆ. ನಾಚಿಕೊಂಡೇ ಅಮ್ಮ ನಾಲಿಗೆ ಚಾಚಿದಳು. ಅರಿವಳಿಕೆ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. ಕತ್ತು ಹಿಂದಕ್ಕೆ ಬಾಗಿಸಿ ಅಂದರು, ಅಲ್ಲಾಡುವ ಹಲ್ಲು ಇದೆಯಾ ಅಂದರು. ಕೊನೆಗೆ, "ಬೆಳಿಗ್ಗೆ ಏನಾದ್ರೂ ತಗೊಂಡ್ರಾ?"

"ಏನೂ ಇಲ್ಲ" ಅಂದೆ ನಾನು, ಅಮ್ಮನ ಪರವಾಗಿ.

ಅಮ್ಮ ಸೆರಗಿನ ತುದಿ ತಿರುವುತ್ತಾ, "ಏಳು ಗಂಟೆಗೆ ಅರ್ಧ ಲೋಟ ಕಾಫಿ" ಅಂದಳು.

ಹನ್ನೊಂದರ ಆಪರೇಷನ್ ಸಂಜೆಗೆ ಹೋಯಿತು. ಅರ್ಧ ಲೋಟಕ್ಕೆ ಇಷ್ಟೊಂದಾ ಅಂತ ರೇಗಾಡಿದೆ. ಡಾಕ್ಟರ್ ಸಮಾಧಾನವಾಗಿ ಹೇಳಿದರು: ಅರಿವಳಿಕೆ ಕೊಟ್ಟಮೇಲೆ ಕೆಮ್ಮಿ ಉಸಿರುದಾರಿ ಕಾಯುವ ಶಕ್ತಿಯೂ ಮಲಗಿಬಿಡುತ್ತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೇ ಇಳಿಯಬಹುದು. ಬರೀ ನೀರಾದರೆ ಎರಡು ಗಂಟೆ ಸಾಕು, ಹಾಲು ಸೇರಿದರೆ ಆರು ಗಂಟೆ ಬೇಕು.

ಕಾಯುತ್ತಾ ಕೂತಾಗ ಆ ನಾಲಿಗೆ ಪರೀಕ್ಷೆಯ ಬಗ್ಗೆ ಓದಿದೆ. ಅದಕ್ಕೊಂದು ಹೆಸರಿದೆ, ನಮ್ಮ ಪಕ್ಕದ ಆಂಧ್ರದಿಂದ ಅಮೆರಿಕದ ಬೋಸ್ಟನ್‌ಗೆ ಹೋದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ ಅವರದು. 1985ರಲ್ಲಿ ಅವರು ಮತ್ತು ಸಂಗಡಿಗರು 210 ರೋಗಿಗಳ ಅಧ್ಯಯನ ಪ್ರಕಟಿಸಿದರು. ನಾಲಿಗೆ ಚಾಚಿದಾಗ ಕಿರುನಾಲಿಗೆ ಮರೆಯಾದಷ್ಟೂ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು ಕಷ್ಟವಾಗುವ ಸಾಧ್ಯತೆ ಹೆಚ್ಚು. ಯಂತ್ರ ಬೇಡ, ಸೂಜಿ ಬೇಡ, ಖರ್ಚಿಲ್ಲ. ಇದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಅದಕ್ಕೇ ಕತ್ತು, ದವಡೆ, ಹಲ್ಲು ಎಲ್ಲವನ್ನೂ ನೋಡ್ತಾರೆ. ಉಸಿರು ನಿಂತಮೇಲೆ ಯೋಚಿಸೋಕೆ ಸಿಗೋದು ಕೆಲವೇ ನಿಮಿಷ. ಯೋಚನೆಯೆಲ್ಲ ಮೊದಲೇ ಮುಗಿದಿರಬೇಕು.

ನನಗೆ ತಮಾಷೆ ಅನ್ನಿಸಿದ್ದ ಆ ಎರಡು ನಿಮಿಷದ ಪ್ರಶ್ನೆಗಳಿಗೆ ಅಷ್ಟು ಬೆಲೆ ಇತ್ತು. ಅದರಲ್ಲೊಂದಕ್ಕೆ ನಾನು, ಗೊತ್ತಿಲ್ಲದೆಯೇ, ಧೈರ್ಯವಾಗಿ ಸುಳ್ಳು ಉತ್ತರ ಕೊಟ್ಟಿದ್ದೆ. ನೀವೂ ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಹೋದಾಗ ಫೈಲ್ ಹಿಡ್ಕೊಳ್ಳಿ, ಬಿಲ್ ಕಟ್ಟಿ. ಉತ್ತರ ಮಾತ್ರ ಅವರೇ ಹೇಳಲಿ.

ರಾತ್ರಿ ಅಮ್ಮ ಕಣ್ಣು ಬಿಟ್ಟು, ಗಂಟಲು ಕೆರೀತಿದೆ ಅಂದಳು. ಟ್ಯೂಬ್ ಹಾಕಿದ್ದಕ್ಕೆ ಹಾಗಾಗುತ್ತೆ, ಎರಡು ದಿನದಲ್ಲಿ ಹೋಗುತ್ತೆ ಅಂದರು ನರ್ಸ್.

"ಕಾಫಿ ಕುಡಿದಿದ್ದು ನನಗ್ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ.

"ನೀನು ಬೈತೀಯ ಅಂತ" ಅಂದಳು. "ಆ ಡಾಕ್ಟರು ಬೈಯೋ ಥರ ಕಾಣ್ಲಿಲ್ಲ."