ನಿರೀಕ್ಷೆಯ ಭಾರ ಎಷ್ಟು ಕೆ.ಜಿ.?

1983ರ ವಿಶ್ವಕಪ್ ಕತೆ ನಿಮಗೆಲ್ಲ ಬಾಯಿಪಾಠ ಇರುತ್ತೆ. ಆದ್ರೂ ಒಂದು ಸಲ ನೆನಪಿಸಿಕೊಳ್ಳಿ. ಅದಕ್ಕೆ ಮುಂಚೆ ಎರಡು ವಿಶ್ವಕಪ್‌ಗಳಲ್ಲಿ ಭಾರತ ಗೆದ್ದಿದ್ದು ಒಂದೇ ಒಂದು ಪಂದ್ಯ, ಅದೂ 1975ರಲ್ಲಿ ಈಸ್ಟ್ ಆಫ್ರಿಕಾ ಅನ್ನೋ ತಂಡದ ಮೇಲೆ. 1979ರಲ್ಲಂತೂ ಮೂರಕ್ಕೆ ಮೂರೂ ಸೋಲು. ಆಗಿನ್ನೂ ಟೆಸ್ಟ್ ಮಾನ್ಯತೆಯೇ ಇಲ್ಲದಿದ್ದ ಶ್ರೀಲಂಕಾ ಕೂಡ ನಮ್ಮನ್ನ ಬಡಿದುಹಾಕಿತ್ತು. ಇಂಗ್ಲೆಂಡಿನ ಬಾಜಿ ಅಂಗಡಿಗಳಲ್ಲಿ ನಮ್ಮ ಮೇಲೆ 66ಕ್ಕೆ 1ರ ದರ. ಡೇವಿಡ್ ಫ್ರಿತ್ ಅನ್ನೋ ಸಂಪಾದಕರು, ಇಂಥ ತಂಡಗಳು ಒಂದು ದಿನದ ಆಟಕ್ಕೆ ಬರದೇ ಇದ್ರೇ ವಾಸಿ ಅನ್ನೋ ಅರ್ಥ ಬರೋ ಹಾಗೆ ಬರೆದಿದ್ರು. ಕಪ್ ಗೆದ್ದಮೇಲೆ ಓದುಗರೊಬ್ಬರು ಪತ್ರ ಬರೆದು, ನಿಮ್ಮ ಮಾತನ್ನ ನೀವೇ ತಿನ್ನಿ ಅಂದ್ರಂತೆ. ಪುಣ್ಯಾತ್ಮ ನಿಜವಾಗ್ಲೂ ಆ ಕಾಗದ ಬಾಯಿಗಿಟ್ಟುಕೊಂಡು ಫೋಟೋ ತೆಗೆಸಿ ಅಚ್ಚು ಹಾಕಿಸಿದ್ರು. ಇಂಥ ಸಂಪಾದಕರು ಈಗ ಎಲ್ಲಿ ಸಿಗ್ತಾರೆ ಹೇಳಿ :-)

ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್. ಕಪಿಲ್ ಔಟಾಗದೆ 175. ನಮ್ಮ ಕಿರ್ಮಾನಿ ಒಂದು ತುದಿ ಹಿಡ್ಕೊಂಡು ನಿಂತು 24, ಇಬ್ಬರೂ ಸೇರಿ ಮುರಿಯದ ಒಂಬತ್ತನೇ ವಿಕೆಟ್‌ಗೆ 126. ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದಿದ್ದೂ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ, 18. ಫೈನಲ್‌ನಲ್ಲಿ 183ಕ್ಕೆ ಗಂಟುಮೂಟೆ ಕಟ್ಟಿದಾಗ ಯಾರೂ ಎದೆ ಬಡ್ಕೊಳ್ಳಲಿಲ್ಲ, ಯಾಕಂದ್ರೆ ಅಲ್ಲಿವರೆಗೆ ಬಂದಿದ್ದೇ ಎಲ್ಲರ ಲೆಕ್ಕಕ್ಕಿಂತ ಜಾಸ್ತಿ. ಆಮೇಲೆ ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್.

ಇದನ್ನ ಓದಿದವರಿಗೆಲ್ಲ ಬರೋ ಮೊದಲ ಯೋಚನೆ: ಅವರ ಮೇಲೆ ಯಾವ ನಿರೀಕ್ಷೆಯೂ ಇರಲಿಲ್ಲ, ಅದಕ್ಕೇ ಗೆದ್ರು. ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಅದಕ್ಕೆ 2007 ಇನ್ನೂ ಒಳ್ಳೇ ಸಾಕ್ಷಿ. ಆ ವರ್ಷ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ಗೆ ಹೋದ ತಂಡ ನೆನಪಿದೆಯಾ? ಸಚಿನ್, ಗಂಗೂಲಿ, ಸೆಹ್ವಾಗ್, ಕುಂಬ್ಳೆ, ನಾಯಕ ನಮ್ಮ ದ್ರಾವಿಡ್. ಬಾಂಗ್ಲಾದೇಶದ ಮೇಲೆ ಸೋತು, ಶ್ರೀಲಂಕಾ ಮೇಲೆ 69 ರನ್ನಿಂದ ಸೋತು, ಮೊದಲನೇ ಸುತ್ತಲ್ಲೇ ವಾಪಸ್. ಶ್ರೀಲಂಕಾ ಪಂದ್ಯದಲ್ಲಿ 60 ಹೊಡೆದು ಕೊನೇವರೆಗೂ ಹೆಣಗಿದವನು ದ್ರಾವಿಡ್ಡೇ. ಆಮೇಲೆ ಪೆವಿಲಿಯನ್ನಲ್ಲಿ ಕೂತಿದ್ದ ಅವನ ಮುಖ ನೋಡಿದವರು ಮರೆಯಲ್ಲ. ಇಲ್ಲಿ ಪ್ರತಿಕೃತಿ ದಹನ, ರಾಂಚಿಯಲ್ಲಿ ಧೋನಿ ಕಟ್ಟಿಸ್ತಿದ್ದ ಮನೆ ಮೇಲೆ ದಾಳಿ.

ಆರೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಟ್ವೆಂಟಿ20 ವಿಶ್ವಕಪ್. ಸಚಿನ್, ಗಂಗೂಲಿ, ದ್ರಾವಿಡ್ ಮೂವರೂ ನಾವು ಬರಲ್ಲ ಅಂದ್ರು. ಅಷ್ಟರಲ್ಲಿ ಭಾರತ ಆಡಿದ್ದ ಪೂರ್ತಿ ಟ್ವೆಂಟಿ20 ಪಂದ್ಯಗಳ ಸಂಖ್ಯೆ ಒಂದು! ಹುಡುಗರು ಹೋದ್ರು. ಪಾಕಿಸ್ತಾನದ ಜೊತೆ ಟೈ ಆದಾಗ ಸ್ಟಂಪಿಗೆ ಚೆಂಡು ಹೊಡೆಯೋ ಆಟದಲ್ಲಿ ನಮ್ಮ ರಾಬಿನ್ ಉತ್ತಪ್ಪ ಬೌಲರೇ ಅಲ್ಲದಿದ್ರೂ ಹೊಡೆದು, ಟೋಪಿ ತೆಗೆದು ನಮಸ್ಕಾರ ಬೇರೆ ಮಾಡಿದ. ಫೈನಲ್‌ನಲ್ಲಿ 5 ರನ್ ಗೆಲುವು. ಅದೇ ದೇಶ, ಅದೇ ಬೋರ್ಡು, ಹೆಚ್ಚೂಕಮ್ಮಿ ಅದೇ ಪೀಳಿಗೆ. ಬದಲಾಗಿದ್ದು ತಲೆ ಮೇಲಿನ ಹೊರೆ ಅಷ್ಟೇ ಅನ್ನಿಸುತ್ತೆ ಅಲ್ವಾ?

ಆದ್ರೆ ಈ ಲೆಕ್ಕ ಎಲ್ಲ ಕಡೆ ಸರಿಹೋಗಲ್ಲ. 2003ರಲ್ಲಿ ಪಾಂಟಿಂಗ್‌ನ ಆಸ್ಟ್ರೇಲಿಯಾ ಮೇಲೆ ಏನು ಕಡಿಮೆ ನಿರೀಕ್ಷೆ ಇತ್ತಾ? ಹಾಲಿ ಚಾಂಪಿಯನ್ನರು, ಗೆಲ್ಲೋದು ಅವರೇ ಅಂತ ಚಿಕ್ಕ ಮಕ್ಕಳೂ ಹೇಳ್ತಿದ್ರು. 11ಕ್ಕೆ 11 ಗೆದ್ದು, ಫೈನಲ್‌ನಲ್ಲಿ 2 ವಿಕೆಟ್‌ಗೆ 359 ಹೊಡೆದು, ನಮ್ಮನ್ನ 125 ರನ್ನಿಂದ ಸೋಲಿಸಿ ಮನೆಗೆ ಹೋದ್ರು. ನಿರೀಕ್ಷೆ ಅವರ ಮೈಮೇಲೆ ಬಟ್ಟೆ ಥರ ಕೂತಿತ್ತು. ನಮಗೆ ಮಾತ್ರ ಯಾಕೆ ಅದು ಮೂಟೆ ಆಗುತ್ತೆ?

2023 ನವೆಂಬರ್ 19. ಅಹಮದಾಬಾದ್. ಹತ್ತಕ್ಕೆ ಹತ್ತು ಗೆದ್ದು ಬಂದಿದ್ದ ತಂಡ, ಮೈದಾನದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಇಷ್ಟು ದೊಡ್ಡ ಗುಂಪನ್ನ ಸುಮ್ಮನಾಗಿಸೋದಕ್ಕಿಂತ ಖುಷಿ ಬೇರೆ ಇಲ್ಲ ಅನ್ನೋ ಥರದ ಮಾತನ್ನ ಕಮಿನ್ಸ್ ಹಿಂದಿನ ದಿನವೇ ಹೇಳಿದ್ದ. ಹೇಳಿದ ಹಾಗೇ ಮಾಡಿದ. ನಮ್ಮ ಕೆ.ಎಲ್. ರಾಹುಲ್ 107 ಚೆಂಡು ಆಡಿ 66 ಹೊಡೆದ, ಅದರಲ್ಲಿ ಬೌಂಡರಿ ಒಂದೇ ಒಂದು. ಅದನ್ನ ನೋಡ್ತಾ ಟಿವಿ ಮುಂದೆ ಕೂತವರೆಲ್ಲ ಬೈದಿದ್ದೇ ಬೈದಿದ್ದು. ಪಿಚ್ ನಿಧಾನ ಇತ್ತು, ವಿಕೆಟ್ ಬಿದ್ದಿತ್ತು, ಎಲ್ಲ ನಿಜ. ಹೆಡ್ 137 ಹೊಡೆದಿದ್ದೂ ಅದೇ ಮೈದಾನದಲ್ಲೇ, ರಾತ್ರಿ. ಎಲ್ಲಾ ಸೋಲನ್ನೂ 'ಒತ್ತಡ' ಅನ್ನೋ ಒಂದೇ ಡಬ್ಬಿಗೆ ತುಂಬೋದು ಸುಲಭ. ಎದುರಾಳಿ ಚೆನ್ನಾಗಿ ಆಡಿದ ಅನ್ನೋದನ್ನ ಒಪ್ಪಿಕೊಳ್ಳೋ ಕಷ್ಟ ತಪ್ಪುತ್ತೆ ನೋಡಿ.

ನೀರಜ್ ಚೋಪ್ರಾನ ಲೆಕ್ಕ ಇನ್ನೂ ವಿಚಿತ್ರ. 2021ರಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ. 2024ರಲ್ಲಿ ಪ್ಯಾರಿಸ್‌ನಲ್ಲಿ 89.45 ಎಸೆದು ಬೆಳ್ಳಿ. ಹೆಚ್ಚು ದೂರ ಎಸೆದವನನ್ನ ನಾವು 'ಸೋತ' ಅಂದೆವು! ಅರ್ಷದ್ ನದೀಮ್ 92.97 ಎಸೆದರೆ ನೀರಜ್ ಏನು ಮಾಡಬೇಕು? ಆದ್ರೆ ಒಂದು ವಿಷಯ ಇದೆ, ಆ ದಿನ ಆರು ಎಸೆತಗಳಲ್ಲಿ ಐದು ಫೌಲ್. ಮಾಮೂಲಿ ನೀರಜ್ ಹಾಗಲ್ಲ. ಅವತ್ತು ಅವನ ತೋಳಿನಲ್ಲಿ ಎಷ್ಟು ಕೋಟಿ ಜನ ನೇತಾಡ್ತಿದ್ರೋ.

ಇದರ ಬಗ್ಗೆ ಸಂಶೋಧನೆಯೂ ಆಗಿದೆ. ಸಿಯಾನ್ ಬೈಲಾಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಗಾಲ್ಫ್ ಆಡೋರನ್ನಿಟ್ಟುಕೊಂಡು ಪ್ರಯೋಗ ಮಾಡಿದ್ರು. ಪಳಗಿದ ಆಟಗಾರರಿಗೆ ನಿಮ್ಮ ಕೈ ಹೇಗೆ ಹೋಗ್ತಿದೆ ಅಂತ ಗಮನ ಇಟ್ಟು ಹೊಡೀರಿ ಅಂದ್ರೆ ಆಟ ಕೆಡುತ್ತಂತೆ. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದೆ ಇಡ್ತಿದೀನಿ ಅಂತ ಯೋಚಿಸಿ ನೋಡಿ, ಮುಗ್ಗರಿಸದಿದ್ರೆ ಕೇಳಿ. ಹೊರಗಿನ ಕಣ್ಣುಗಳು ಜಾಸ್ತಿಯಾದಾಗ ನಮ್ಮ ಕಣ್ಣೂ ನಮ್ಮ ಮೇಲೇ ತಿರುಗುತ್ತೆ, ಕೈಗೆ ಗೊತ್ತಿದ್ದ ಕೆಲಸವನ್ನ ತಲೆ ಮಾಡಕ್ಕೆ ಹೋಗುತ್ತೆ. ಇನ್ನೊಂದು ಪ್ರಯೋಗ ಲೆಕ್ಕ ಬಿಡಿಸೋದರದ್ದು. ಒತ್ತಡ ಹಾಕಿದಾಗ ಹೆಚ್ಚು ಕೆಟ್ಟಿದ್ದು ದಡ್ಡರ ಲೆಕ್ಕ ಅಲ್ಲ, ಮನಸ್ಸಿನಲ್ಲೇ ಹೆಚ್ಚು ಹಿಡಿದಿಟ್ಟುಕೊಂಡು ಬಿಡಿಸಬಲ್ಲ ಚುರುಕು ಹುಡುಗರದ್ದು. ಅವರಿಗೆ ಬಂಡವಾಳವಾಗಿದ್ದ ಜಾಗವನ್ನೇ ಚಿಂತೆ ತಿಂದುಹಾಕುತ್ತಂತೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನೀರಜ್ ಅಲ್ಲ, ನಮ್ಮಣ್ಣ.

ಅಣ್ಣ ಏಳನೇ ಕ್ಲಾಸಿನಲ್ಲಿದ್ದಾಗಲೇ ನಮ್ಮ ನೆಂಟರೆಲ್ಲ ಅವನನ್ನ 'ಡಾಕ್ಟ್ರೇ' ಅಂತ ಕರೀತಿದ್ರು. ಮದುವೆಮನೆಗೆ ಹೋದ್ರೆ ಯಾವುದೋ ಅಜ್ಜಿ ಮಂಡಿ ತೋರಿಸಿ, ಬೇಗ ಓದ್ಕೊಂಡು ಬಾಪ್ಪ, ನಿನ್ನ ಹತ್ರಾನೇ ತೋರಿಸ್ಕೋತೀನಿ ಅನ್ನೋರು. ಎಸ್ಸೆಸ್ಸೆಲ್ಸಿಯಲ್ಲಿ ಅವನ ಫೋಟೋ ಜಿಲ್ಲಾ ಪತ್ರಿಕೆಯಲ್ಲಿ ಬಂತು. ಅಪ್ಪ ಅದನ್ನ ಕತ್ತರಿಸಿ ದೇವರ ಮನೆ ಬಾಗಿಲಿಗೆ ಅಂಟಿಸಿದ್ರು. 1996ರಲ್ಲಿ ಸಿಇಟಿ. ಮೆಡಿಕಲ್ ಸೀಟು ಸಿಗಲಿಲ್ಲ. ಒಂದು ವರ್ಷ ಮನೇಲೇ ಕೂತು ಮತ್ತೆ ಬರೆದ, ರ್‍ಯಾಂಕು ಇನ್ನೂ ಹಿಂದೆ ಹೋಯ್ತು. ಗೊತ್ತಿರೋ ಪ್ರಶ್ನೆಗಳನ್ನೇ ಮೂರು ಮೂರು ಸಲ ಓದಿಕೊಂಡು ಕೂತಿದ್ದೆ ಅಂತ ಎಷ್ಟೋ ವರ್ಷದ ಮೇಲೆ ಒಂದು ಸಲ ಹೇಳಿದ್ದ. ಈಗ ಊರಲ್ಲಿ ಅವನದೊಂದು ಔಷಧಿ ಅಂಗಡಿ ಇದೆ, ಚೆನ್ನಾಗೇ ನಡೀತಿದೆ. ಹಳ್ಳಿಯಿಂದ ಬಂದವರು ಈಗಲೂ ಅವನನ್ನ ಡಾಕ್ಟ್ರೇ ಅಂತಾರೆ. ಅವನು ತಿದ್ದೋಕೆ ಹೋಗಲ್ಲ.

ಅವನ ಹಿಂದೆ ಹುಟ್ಟಿದವಳು ಅಕ್ಕ. ಅವಳ ಮಾರ್ಕ್ಸ್ ಕಾರ್ಡ್ ಯಾರೂ ಕೇಳ್ತಾನೇ ಇರಲಿಲ್ಲ. ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು, ಕುಕ್ಕರ್ ಕೂಗೋದನ್ನ ಎಣಿಸ್ತಾ ಲೆಕ್ಕ ಮಾಡ್ತಿದ್ಲು. ಪಿಯುಸಿಯಲ್ಲಿ ಗಣಿತಕ್ಕೆ ಅಣ್ಣನಿಗಿಂತ ಜಾಸ್ತಿ ಬಂತು. 'ಪರವಾಗಿಲ್ವೇ' ಅಂದ್ರು ಅಪ್ಪ, ಅಷ್ಟೇ. ಬಿ.ಎಸ್ಸಿ., ಬಿ.ಎಡ್. ಮಾಡಿ ಈಗ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳ ಮಕ್ಕಳು (ಅಂದ್ರೆ ಶಾಲೆಯ ಮಕ್ಕಳು) ಗಣಿತದಲ್ಲಿ ಫೇಲಾಗೋದು ಅಪರೂಪ.

ನನ್ನ ಪಾಲಿಗೆ ಅಕ್ಕ ಅಂದ್ರೆ ನಮ್ಮನೆಯ 1983. ಅಣ್ಣ 2007. ಇದನ್ನ ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನಿಗೇ ಹೇಳಿದೆ, ಹೊಗಳೋ ಹುಮ್ಮಸ್ಸಿನಲ್ಲಿ. ಅವಳು ಬಾಗಿನದ ಮೊರಕ್ಕೆ ಅರಿಶಿನ ಹಚ್ತಾ ಇದ್ದವಳು ತಲೆ ಎತ್ತಲಿಲ್ಲ.

"ನನ್ನನ್ನ ಯಾರೂ ಏನೂ ಕೇಳ್ಲಿಲ್ಲ ಅಂತ ನೀನು ಹಗುರವಾಗಿ ಹೇಳ್ತೀಯ ಕಣೋ. ಸಿಇಟಿ ಅರ್ಜಿ ತಂದುಕೊಡೋರೂ ಇರಲಿಲ್ಲ ನನಗೆ. ಕೇಳಿದ್ದಿದ್ರೆ ನಾನೇನಾಗ್ತಿದ್ದೆ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ ಅಲ್ವಾ?"

ಆ ಮಾತು ಕೇಳಿದಮೇಲೆ 1983 ನನಗೆ ಬೇರೆ ಥರಾನೇ ಕಾಣಿಸ್ತು. ಯಾರಿಗೂ ನಿರೀಕ್ಷೆ ಇರಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಕಪಿಲ್‌ಗೆ ಇತ್ತು. ಟೂರ್ನಿಯ ಮೊದಲ ಪಂದ್ಯದಲ್ಲೇ ಓಲ್ಡ್ ಟ್ರಾಫರ್ಡ್‌ನಲ್ಲಿ ವೆಸ್ಟ್ ಇಂಡೀಸನ್ನ 34 ರನ್ನಿಂದ ಸೋಲಿಸಿದ್ರಲ್ಲ, ಅವತ್ತಿಂದ ಒಳಗೊಳಗೇ ಉಳಿದವರಿಗೂ ಇದ್ದಿರಬೇಕು. ಹೊರಗಿನವರು ಕೇಳದೇ ಇದ್ರೂ ಒಳಗೆ ಒಬ್ಬನಾದ್ರೂ, ಲೇ, ನಿಮ್ಮ ಕೈಲಿ ಆಗುತ್ತೆ ಕಣ್ರೋ ಅನ್ನೋನು ಬೇಕು. ಆ ಒಬ್ಬನೂ ಇಲ್ಲದೇ ಹೋದವರ ಹೆಸರು ನಮಗೆ ಗೊತ್ತೇ ಇರಲ್ಲ, ಅವರು ಮೈದಾನಕ್ಕೆ ಬಂದಿರೋದೇ ಇಲ್ಲವಲ್ಲ.

ಇದನ್ನೇ ಶಾಲೆಯಲ್ಲಿ ಅಳೆದು ನೋಡಿದವರಿದ್ದಾರೆ. 1968ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಪ್ರಕಟಿಸಿದ ಅಧ್ಯಯನ. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟು, ಈ ಐದರಲ್ಲೊಂದು ಪಾಲು ಮಕ್ಕಳು ಈ ವರ್ಷ ಅರಳ್ತಾರೆ ಅಂತ ಟೀಚರ್‌ಗಳಿಗೆ ಹೇಳಿದ್ರು. ನಿಜಕ್ಕೂ ಆ ಹೆಸರುಗಳು ಚೀಟಿ ಎತ್ತಿದ ಹಾಗೆ ಆರಿಸಿದ್ದು. ವರ್ಷದ ಕೊನೆಗೆ ಒಂದು, ಎರಡನೇ ಕ್ಲಾಸಿನಲ್ಲಿ ಆ ಮಕ್ಕಳು ಉಳಿದವರಿಗಿಂತ ನಿಜವಾಗ್ಲೂ ಮುಂದಿದ್ರು. ಮೇಲಿನ ಕ್ಲಾಸುಗಳಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಇದರ ಮೇಲೆ ಬೇಕಾದಷ್ಟು ತಕರಾರು ಬಂತು, ಪರಿಣಾಮ ಇದ್ರೂ ಸಾಮಾನ್ಯವಾಗಿ ಸಣ್ಣದೇ ಅಂತ ನಂತರದವರು ಹೇಳಿದ್ರು. ಆದ್ರೂ ಆ ಟೀಚರ್‌ಗಳು ಮಕ್ಕಳಿಗೆ 'ನೀನು ಫಸ್ಟ್ ಬರಲೇಬೇಕು' ಅಂದಿರಲಿಲ್ಲ ಅನ್ನೋದು ಗಮನಿಸಿ. ಬಹುಶಃ ಉತ್ತರಕ್ಕೆ ಒಂದು ಗಳಿಗೆ ಜಾಸ್ತಿ ಕಾದಿದ್ದಾರು, ಅಷ್ಟೇ.

(ಹಾಗಂತ ನಂಬಿಕೆ ಒಂದಿದ್ರೆ ಸಾಕು ಅನ್ನೋ ಭಾಷಣಗಾರರನ್ನ ಕಂಡ್ರೆ ನನಗೆ ಆಗಲ್ಲ. ಆಫೀಸಿನ ತರಬೇತಿಗಳಲ್ಲಿ ರೋಜರ್ ಬ್ಯಾನಿಸ್ಟರ್ ಕತೆ ಹೇಳ್ತಾರಲ್ಲ, 1954 ಮೇ 6ರಂದು ನಾಲ್ಕು ನಿಮಿಷದೊಳಗೆ ಮೈಲಿ ಓಡಿದ, ಅವತ್ತಿಂದ ಜಗತ್ತಿನ ನಂಬಿಕೆಯೇ ಬದಲಾಗಿ ಒಂದೇ ವರ್ಷದಲ್ಲಿ ನೂರಾರು ಜನ ಓಡಿಬಿಟ್ರು ಅಂತ. ಸುಳ್ಳು. ಜೂನ್ 21ಕ್ಕೆ ಜಾನ್ ಲ್ಯಾಂಡಿ ಓಡಿದ್ದು ನಿಜ. ಆಮೇಲೆ ಹೊಸಬರು ಆ ಗೆರೆ ದಾಟಿದ್ದು 1955ರ ಮೇ ಕೊನೆಗೆ, ಲಂಡನ್ನಿನ ಒಂದೇ ರೇಸಿನಲ್ಲಿ ಮೂವರು. ಬೆರಳೆಣಿಕೆ ಜನ. ಹಳೇ ದಾಖಲೆ 4 ನಿಮಿಷ 1.4 ಸೆಕೆಂಡು 1945ರಿಂದ ಹಾಗೇ ಉಳಿದಿದ್ದಕ್ಕೆ ಯುದ್ಧದಿಂದ ಸೊರಗಿಹೋಗಿದ್ದ ಯುರೋಪೂ ಒಂದು ಕಾರಣ ಇರಬೇಕು, ಬರೀ ನಂಬಿಕೆಯ ಕೊರತೆ ಅಲ್ಲ.)

ನಿರೀಕ್ಷೆ ಅನ್ನೋ ಪದದಲ್ಲಿ ಇರೋದು 'ಈಕ್ಷ', ಅಂದ್ರೆ ನೋಡೋದು. ಕನ್ನಡದಲ್ಲೂ ಎದುರು ನೋಡೋದು ಅಂತೀವಿ. ಅಣ್ಣನನ್ನ ಇಡೀ ಊರು ನೋಡ್ತಾ ಇತ್ತು, ಆದ್ರೆ ಅವರೆಲ್ಲ ನೋಡ್ತಿದ್ದಿದ್ದು ಅವನ ಕೊರಳಲ್ಲಿ ಇನ್ನೂ ಇಲ್ಲದ ಸ್ಟೆತಾಸ್ಕೋಪನ್ನ. ಅಕ್ಕನ ಕಡೆ ಯಾರ ಕಣ್ಣೂ ಹೋಗಲಿಲ್ಲ. ಇಬ್ಬರಲ್ಲಿ ಯಾರಿಗೆ ಜಾಸ್ತಿ ನಷ್ಟ ಆಯ್ತು ಅಂತ ನನಗೆ ಈಗಲೂ ಹೇಳಕ್ಕೆ ಬರಲ್ಲ.

ಇಷ್ಟೆಲ್ಲ ಬರೆಯೋಕೆ ಕಾರಣ ಅಣ್ಣನ ಮಗ. ಈ ವರ್ಷ ಸೆಕೆಂಡ್ ಪಿಯುಸಿ. ತನಗಾಗಿದ್ದು ಮಗನಿಗೆ ಆಗಬಾರದು ಅಂತ ಅಣ್ಣ ಮನೆಯಲ್ಲಿ ಒಂದು ಕಾನೂನು ಮಾಡಿದ್ದಾನೆ: ಮಾರ್ಕ್ಸ್ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ. ನೆಂಟರು ಬಂದು, ಏನಪ್ಪಾ, ಮುಂದೇನು ಅಂದ್ರೆ ಅಣ್ಣನೇ ಮಾತು ತಿರುಗಿಸ್ತಾನೆ. ಎಂಥಾ ತಿಳಿವಳಿಕಸ್ಥ ಅಪ್ಪ ಅಂತ ನಾನೂ ಮೆಚ್ಚಿಕೊಂಡಿದ್ದೆ. ಹೋದ ತಿಂಗಳು ಹುಡುಗ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದ:

"ಚಿಕ್ಕಪ್ಪ, ನನ್ನ ಕೈಲಿ ಆಗಲ್ಲ ಅಂತ ಅಪ್ಪಂಗೆ ಅನ್ಸಿದೆಯಾ? ಏನೂ ಕೇಳೋದೇ ಇಲ್ವಲ್ಲ."

ಏನು ಹೇಳೋದು? ರಾತ್ರಿ ಅಣ್ಣನಿಗೆ ಫೋನ್ ಮಾಡಿ ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಅಂಗಡಿ ಶಟರ್ ಎಳೆಯೋ ಶಬ್ದ ಮಾತ್ರ ಕೇಳಿಸ್ತು. ಸರಿ ಬಿಡು, ನೋಡ್ತೀನಿ ಅಂದು ಇಟ್ಟುಬಿಟ್ಟ.

ನಮ್ಮ ದ್ರಾವಿಡ್ ವಿಷಯ ಅರ್ಧಕ್ಕೇ ಬಿಟ್ಟೆ. 2007ರಲ್ಲಿ ವೆಸ್ಟ್ ಇಂಡೀಸ್‌ನಿಂದ ತಲೆತಗ್ಗಿಸಿ ಬಂದಿದ್ದ ನಾಯಕ, 2023ರ ಅಹಮದಾಬಾದಿನಲ್ಲಿ ಕೋಚ್ ಆಗಿ ಮತ್ತೆ ಸೋಲು ಕಂಡವನು, 2024 ಜೂನ್ 29ಕ್ಕೆ ಅದೇ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಇದ್ದ. ಕೋಚ್ ಆಗಿ ಅವನ ಕೊನೇ ಪಂದ್ಯ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ಬೇಕಿತ್ತು, ನಾವು 7 ರನ್ನಿಂದ ಗೆದ್ದೆವು. ಕಪ್ ಕೈಗೆ ಕೊಟ್ಟಾಗ ಆ ಮನುಷ್ಯ ಕೂಗಿದ್ದು ನೋಡಿದ್ರಲ್ಲ? ಅಷ್ಟು ವರ್ಷ ಆ ಕೂಗನ್ನ ಎಲ್ಲಿ ಇಟ್ಕೊಂಡಿದ್ನೋ.

ಅಣ್ಣ ಮಗನ ಹತ್ರ ಏನು ಮಾತಾಡಿದ ಅಂತ ನಾನು ಕೇಳಲಿಲ್ಲ. ಅತ್ತಿಗೆ ಹೇಳಿದ್ದು ಇಷ್ಟು: ಈಗ ದಿನಾ ರಾತ್ರಿ ಅಂಗಡಿ ಮುಚ್ಚಿ ಬಂದಮೇಲೆ ಅಣ್ಣ ಮಗನ ಪಕ್ಕ ಕೂತು, ಇವತ್ತು ಕೆಮಿಸ್ಟ್ರಿಯಲ್ಲಿ ಏನು ಹೇಳ್ಕೊಟ್ರು ಅಂತ ಕೇಳ್ತಾನಂತೆ. ಮಾರ್ಕ್ಸ್ ಮಾತಿಲ್ಲ. ಹುಡುಗ ಹೇಳ್ತಾನೆ, ಅಣ್ಣ ಮಾತ್ರೆ ಪಟ್ಟಿಗಳ ಹಿಂದೆ ಇರೋ ಹೆಸರುಗಳನ್ನ ತೋರಿಸಿ ಇದು ಅದೇನಾ ಅಂತಾನೆ. ಭಾನುವಾರ ಗಣಿತಕ್ಕೆ ಅಕ್ಕನ ಮನೆ. ಅವಳ ಹತ್ರ ಮಾತ್ರ ಹುಡುಗನಿಗೆ ಸ್ವಲ್ಪ ಭಯ, ಯಾಕಂದ್ರೆ ಅವಳು ಬಿಡೋದಿಲ್ಲ, ಒಂದೇ ಲೆಕ್ಕವನ್ನ ಮೂರು ದಾರಿಯಲ್ಲಿ ಮಾಡಿಸ್ತಾಳೆ.