ಚಿಕಾಗೋ ನಗರದ ಮಂದ್ರವಾದ್ಯಗಳು

ಚಿಕಾಗೋ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ವಾಚಕರಿಗೆ 1893ರ ಸರ್ವಧರ್ಮ ಸಮ್ಮೇಳನವೂ, ಅಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣವೂ ನೆನಪಿಗೆ ಬರುವುದು ಸಹಜವೇ. ಆದರೆ ಮಿಷಿಗನ್ ಸರೋವರದ ದಡದ ಆ ಮಹಾನಗರವು ವಾದ್ಯನಿರ್ಮಾಣಕ್ಕೂ ಹೆಸರಾಗಿದ್ದಿತೆಂಬುದು ಬಹುಮಂದಿಗೆ ತಿಳಿಯದು. ಉತ್ತರದ ಕಾಡುಗಳ ಮರವು ಸರೋವರದ ಮಾರ್ಗವಾಗಿ ಅಲ್ಲಿಗೆ ಬಂದಿಳಿಯುತ್ತಿದ್ದಿತು. ನಾನಾ ದಿಕ್ಕುಗಳ ರೈಲುದಾರಿಗಳು ಅಲ್ಲಿ ಕೂಡುತ್ತಿದ್ದುವು. ಯೂರೋಪಿನಿಂದ ಬಂದ ಕುಶಲಿಗಳು ಅಲ್ಲಿ ನೆಲಸಿದ್ದರು. ಸಿಯರ್ಸ್ ಮೊದಲಾದ ವರ್ತಕರು ಸಚಿತ್ರ ಪಟ್ಟಿಗಳನ್ನು ಅಚ್ಚುಹಾಕಿಸಿ ಹಳ್ಳಿಹಳ್ಳಿಗೂ ಸರಕನ್ನು ಕಳುಹುತ್ತಿದ್ದುದು ಅಲ್ಲಿಂದಲೇ. ಇಂತಹ ನೆಲದಲ್ಲಿ ಬೆಳೆದ ‘ಕೇ’ ಎಂಬ ಕಾರ್ಖಾನೆಯ ಬಾಸ್, ಚೆಲೊಗಳ ವೃತ್ತಾಂತವನ್ನು ಇಲ್ಲಿ ಹೇಳಹೊರಟಿದ್ದೇವೆ.

ಪಿಟೀಲನ್ನು ಬಲ್ಲವರಿಗೆ ಈ ವಾದ್ಯಗಳ ರೂಪವನ್ನು ಊಹಿಸುವುದು ಕಷ್ಟವಲ್ಲ. ಚೆಲೊ ಎಂಬುದು ಕುಳಿತು, ಮೊಣಕಾಲುಗಳ ನಡುವೆ ಇರಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಬಾಸ್ ಆದರೋ ಆಳೆತ್ತರದ್ದು. ಮೇಳದ ಮಂದ್ರಸ್ವರದ ಭಾರವೆಲ್ಲ ಅದರ ಹೆಗಲ ಮೇಲೆ. ನಮ್ಮವರು ಹಲಸಿನ ಮರವನ್ನು ತೋಡಿ ವೀಣೆಯ ಕೊಡವನ್ನು ಮಾಡುವಂತೆ, ಅಲ್ಲಿಯ ಹಳೆಯ ಪದ್ಧತಿಯಲ್ಲಿ ದಪ್ಪನೆಯ ಸ್ಪ್ರೂಸ್ ಹಲಗೆಯನ್ನು ಕೆತ್ತಿ ವಾದ್ಯದ ಮುಂಭಾಗಕ್ಕೆ ಉಬ್ಬನ್ನು ತರುತ್ತಾರೆ. ನಾದವು ಸೊಗಸು, ಬೆಲೆಯೋ ಸಾಮಾನ್ಯರ ಕೈಗೆಟುಕದು. ಅದೂ ಅಲ್ಲದೆ, ಚಳಿಗಾಲದಲ್ಲಿ ಬೆಚ್ಚಗೆ ಕಾಯಿಸಿದ ಕೊಠಡಿಗಳ ಒಣಹವೆಗೆ ಆ ಮರವು ಬಿರುಕು ಬಿಡುವುದುಂಟು.

1890ರಲ್ಲಿ ಗ್ರೋಷೆಲ್ ಮ್ಯಾಂಡೊಲಿನ್ ಕಂಪೆನಿಯಾಗಿ ಹುಟ್ಟಿದ ಉದ್ಯಮವು, ಹಲವು ಹೆಸರುಗಳನ್ನು ದಾಟಿ, 1931ರಲ್ಲಿ ತನ್ನ ಯಜಮಾನರಾದ ಹೆನ್ರಿ ಕೇ ಕುರ್ಮೇಯರ್ ಅವರ ಹೆಸರಿನಿಂದ ‘ಕೇ’ ಎಂಬ ಪದವನ್ನು ತಳೆಯಿತು. 1930ರ ದಶಕದ ಕೊನೆಯಲ್ಲಿ ಅವರ ಕಾರ್ಖಾನೆಯು ಬಾಸ್‌ಗಳನ್ನೂ ಚೆಲೊಗಳನ್ನೂ ಹೊಸ ರೀತಿಯಲ್ಲಿ ತಯಾರಿಸತೊಡಗಿತು. ಮರದ ತೆಳುವಾದ ಪದರಗಳನ್ನು, ಒಂದರ ಎಳೆ ಉದ್ದಕ್ಕೂ ಮತ್ತೊಂದರ ಎಳೆ ಅಡ್ಡಕ್ಕೂ ಬರುವಂತೆ ಅಂಟಿಸಿ, ಅಚ್ಚಿನಲ್ಲಿ ಒತ್ತಿ ಬಾಗಿಸಿದರು. ಒಂದು ಪದರವು ಸೀಳಲು ಹೋದರೆ ಅದರ ನೆರೆಯದು ತಡೆಯುವುದು. ಪ್ಲೈವುಡ್ಡಿನ ಗುಟ್ಟೂ ಇದೇ. ಕನ್ಸರ್ಟ್, ಮೇಸ್ಟ್ರೋ, ಸ್ವಿಂಗ್‌ಮಾಸ್ಟರ್ ಎಂಬ ಮಾದರಿಗಳು ಹೀಗೆ ಹೊರಬಂದುವು.

ಪಂಡಿತರು ಇವನ್ನು ಹೀಯಾಳಿಸಿದುದು ಆಶ್ಚರ್ಯವಲ್ಲ. ಕಮಾನಿನಿಂದ ನುಡಿಸಿದಾಗ, ಉತ್ತಮವಾಗಿ ಕೆತ್ತಿದ ವಾದ್ಯದ ಗಾಂಭೀರ್ಯವು ಇವುಗಳಲ್ಲಿ ಕಾಣದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಶಾಲೆಯ ಮಕ್ಕಳು ಎಳೆದಾಡಿದರೂ, ಹಳ್ಳಿಯ ಮೇಳದವರು ಮೋಟಾರಿನ ಮಾಡಿಗೆ ಕಟ್ಟಿ ಊರೂರು ತಿರುಗಿಸಿದರೂ ತಾಳಿಕೊಂಡವು ಇವೇ. ಬೆರಳಿನಿಂದ ಮೀಟಿದಾಗ ಇವುಗಳಿಂದ ಹೊರಡುವ ಗಟ್ಟಿಯಾದ ಪೆಟ್ಟು ನೃತ್ಯಮೇಳಗಳಿಗೆ ಬಹಳ ಹಿಡಿಸಿತು. 1954ರಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಪ್ರೀಸ್ಲಿಯವರ ಮೊದಲ ಪ್ರಕಟಿತ ಹಾಡು ಮುದ್ರಿತವಾದಾಗ ಚರ್ಮವಾದ್ಯವೇ ಇರಲಿಲ್ಲ. ಬಿಲ್ ಬ್ಲ್ಯಾಕ್ ಅವರು ಬಾಸಿನ ತಂತಿಗಳನ್ನು ಬಡಿದು ತಾಳವನ್ನೂ ತಾವೇ ಒದಗಿಸಿದರು. ಪ್ರೀಸ್ಲಿಯವರೊಡನೆ ಅವರು ನುಡಿಸುತ್ತಿದ್ದ ಕೇ ಬಾಸು ಮುಂದೆ ಇಂಗ್ಲೆಂಡಿನ ಪಾಲ್ ಮೆಕಾರ್ಟ್ನಿಯವರ ಕೈಸೇರಿತು.

ವಾದ್ಯಗಳು ಗಟ್ಟಿಯಾಗಿದ್ದುವು, ಕಾರ್ಖಾನೆಯು ಅಷ್ಟು ಗಟ್ಟಿಯಾಗಿರಲಿಲ್ಲ. 1955ರಲ್ಲಿ ಅದು ಸಿಡ್ನಿ ಕಾಟ್ಸ್ ಅವರ ವಶವಾಯಿತು. ಗಿಟಾರಿನ ಹುಚ್ಚು ಏರಿದ ಕಾಲದಲ್ಲಿ, 1964ರಲ್ಲಿ, ನಗರದ ಹೊರಗಣ ಎಲ್ಕ್ ಗ್ರೋವ್ ವಿಲೇಜಿನ ವಿಶಾಲವಾದ ಕಟ್ಟಡಕ್ಕೆ ಅದನ್ನು ಸಾಗಿಸಿದರು. ಬಳಿಕ ಅದನ್ನು ಕೊಂಡವರು, ಕಾಸು ಹಾಕಿದರೆ ಹಾಡುವ ಯಂತ್ರಗಳನ್ನು ತಯಾರಿಸುತ್ತಿದ್ದ ಸೀಬರ್ಗ್ ಸಂಸ್ಥೆಯವರು! 1967ರಲ್ಲಿ ಅದು ವ್ಯಾಲ್ಕೊ ಸಂಸ್ಥೆಯೊಡನೆ ಕೂಡಿತು. ಅಗ್ಗದ ಪರದೇಶದ ಗಿಟಾರುಗಳ ಪೈಪೋಟಿಯಲ್ಲಿ ಅವೆರಡೂ 1968ರಲ್ಲಿ ಒಟ್ಟಿಗೆ ಮುಳುಗಿದುವು. 1969ರಲ್ಲಿ ಆಸ್ತಿಯು ಹರಾಜಾಯಿತು. ಬಾಸ್, ಚೆಲೊಗಳ ಕೆಲಸವನ್ನು ಮಾತ್ರ ಎಂಗೆಲ್‌ಹಾರ್ಟ್ ಸಂಸ್ಥೆಯವರು ವಹಿಸಿಕೊಂಡು, ಹಲವು ವರ್ಷಗಳ ಕಾಲ ಅದೇ ಊರಿನಲ್ಲಿ ನಡೆಸಿದರು.

ಕಾರ್ಖಾನೆಯು ಮುಚ್ಚಿ ಅರ್ಧ ಶತಮಾನವೇ ಕಳೆದಿದ್ದರೂ ಅದರ ಮಂದ್ರನಾದವು ಅಡಗಿಲ್ಲ. ಒಮ್ಮೆ ‘ಅಂಟುಹಲಗೆ’ ಎಂದು ಕಡೆಗಣಿಸಲ್ಪಟ್ಟ ವಾದ್ಯಗಳನ್ನು ಈಗ ಜನರು ಹುಡುಕಿ ಕೊಳ್ಳುತ್ತಾರೆ. ಒಳಗಿನ ಕ್ರಮಸಂಖ್ಯೆಯನ್ನು ನೋಡಿ ಅವುಗಳ ವಯಸ್ಸನ್ನು ಗುಣಿಸುತ್ತಾರೆ. ಸಡಿಲವಾದ ಕತ್ತನ್ನು ಬಿಗಿದು, ಬಿಟ್ಟ ಅಂಚಿಗೆ ಸರೇಸು ಹಚ್ಚಿ, ಮತ್ತೆ ಮೇಳಕ್ಕೆ ಒಯ್ಯುತ್ತಾರೆ. ಕೀರ್ತಿವಂತ ಶಿಲ್ಪಿಯು ಕೆತ್ತಿದ ವಾದ್ಯವು ಒಬ್ಬ ವಿದ್ವಾಂಸನ ಕೈಯನ್ನು ಸೇರಿ ಧನ್ಯವಾಗಬಹುದು. ಆದರೆ ಸಾವಿರಾರು ಬಡ ಹುಡುಗರಿಗೆ ಮೊಟ್ಟಮೊದಲು ಸ್ವರಜ್ಞಾನವನ್ನು ಕೊಟ್ಟ ವಾದ್ಯದ ಪುಣ್ಯವು ಅದಕ್ಕಿಂತ ಕಡಮೆಯೆಂದು ಹೇಳಲು ನಮ್ಮ ಮನಸ್ಸು ಒಪ್ಪದು.