ಬೆಳಗಿನ ಬಿಗಿತ

ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದೂ ಜನ ಸಂಧಿವಾತ, ಆಮವಾತ ಎಂದೂ ಕರೆಯುವ ಕಾಯಿಲೆಯಲ್ಲಿ ನೋವಿನಷ್ಟೇ ಮುಖ್ಯವಾದ ಲಕ್ಷಣ ಬಿಗಿತ, ಅದರಲ್ಲೂ ಬೆಳಗಿನ ಹೊತ್ತಿನ ಬಿಗಿತ. ರಾತ್ರಿ ಮಲಗುವಾಗ ಒಂದು ಮಟ್ಟಿಗೆ ಆಡುತ್ತಿದ್ದ ಬೆರಳುಗಳು ಏಳುವ ಹೊತ್ತಿಗೆ ಮಡಚಲೂ ಬಾರದೆ ಬಿಡಿಸಲೂ ಬಾರದೆ ಸೆಟೆದುಕೊಂಡಿರುತ್ತವೆ. ಸರಿಯಾಗಿ ಮುಷ್ಟಿ ಕಟ್ಟಲು ಅರ್ಧ ಗಂಟೆಯೋ ಒಂದು ಗಂಟೆಯೋ, ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಅದಕ್ಕೂ ಹೆಚ್ಚು ಹೊತ್ತೋ ಬೇಕಾಗುತ್ತದೆ. ವಯಸ್ಸಾದವರ ಮಂಡಿ ಸವೆತಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ಸವೆದ ಮಂಡಿ ನಡೆದಷ್ಟೂ ನೋಯುತ್ತದೆ, ಕುಳಿತರೆ ಸುಧಾರಿಸುತ್ತದೆ. ಸಂಧಿವಾತದ ಕೀಲು ಸುಮ್ಮನಿದ್ದಷ್ಟೂ ಬಿಗಿಯುತ್ತದೆ, ಆಡಿಸುತ್ತಾ ಹೋದಂತೆ ಸಡಿಲಗೊಳ್ಳುತ್ತದೆ. ಎರಡನ್ನೂ ‘ಕೀಲುನೋವು’ ಎಂಬ ಒಂದೇ ಗಂಟಿಗೆ ಕಟ್ಟಿ, ವಯಸ್ಸಾದ ಮೇಲೆ ಇದ್ದದ್ದೇ ಎಂದು ಕೈಬಿಡುವ ರೂಢಿ ಬಲವಾಗಿರುವುದರಿಂದ, ಮೂವತ್ತೈದು ನಲವತ್ತರ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಲ್ಲ ಈ ಕಾಯಿಲೆಗೆ ಚಿಕಿತ್ಸೆಯ ಅತ್ಯಂತ ಬೆಲೆಯುಳ್ಳ ಮೊದಲ ತಿಂಗಳುಗಳು ಎಣ್ಣೆ ತಿಕ್ಕುವುದರಲ್ಲಿಯೇ ಕಳೆದುಹೋಗುತ್ತವೆ.

ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುವ ಈ ಕಾಯಿಲೆ ದಿನದ ಯಾವ ಹೊತ್ತನ್ನು ಆರಿಸಿಕೊಂಡಿದೆ ಎಂಬುದನ್ನು ಗಮನಿಸಿದರೆ ಅದರ ಸಾಮಾಜಿಕ ಮುಖ ಕಾಣುತ್ತದೆ. ಕರ್ನಾಟಕದ ಸಾಮಾನ್ಯ ಮನೆಯೊಂದರಲ್ಲಿ ಹೆಣ್ಣಿನ ಕೈಗೆ ಅತಿ ಹೆಚ್ಚು ಕೆಲಸ ಬೀಳುವುದು ಬೆಳಗಿನ ಐದರಿಂದ ಎಂಟರವರೆಗೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯಲು ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿಯನ್ನು ಹಿಡಿದು ಹದವಾಗಿ ಬಿಡುವ ಚಿಟಿಕೆ ಬೇಕು. ರೊಟ್ಟಿ ತಟ್ಟಲು ಮಣಿಕಟ್ಟು ಬಾಗಬೇಕು. ಕೋಲಿನಿಂದ ಮುದ್ದೆ ತಿರುವಲು ಇಡೀ ಹಿಡಿತವೇ ಬೇಕು. ಬಿಗಿತ ಇವೆಲ್ಲವನ್ನೂ ಒಟ್ಟಿಗೇ ಕಸಿದುಕೊಂಡು ಹತ್ತು ಗಂಟೆಯ ಸುಮಾರಿಗೆ ಮೆಲ್ಲಗೆ ಹಿಂದಿರುಗಿಸುತ್ತದೆ. ಮಧ್ಯಾಹ್ನ ಅದೇ ಕೈಗಳು ಹೂ ಕಟ್ಟುತ್ತಿರುವುದನ್ನು ಕಂಡ ಮನೆಯವರು, “ಬೆಳಗ್ಗೆ ಕೆಲಸ ಅಂದ್ರೆ ಮಾತ್ರ ಕೈನೋವು” ಎಂದು ಆಡಿಕೊಳ್ಳುವುದುಂಟು. ಆ ಮಾತಿನಲ್ಲಿ ವೈದ್ಯರು ಕೇಳಬಯಸುವ ರೋಗಲಕ್ಷಣವೇ ಅಡಗಿದೆ ಎಂಬುದು ಆಡಿದವರಿಗೆ ತಿಳಿದಿರುವುದಿಲ್ಲ.

ಇನ್ನೊಂದು ಸೂಚನೆಯನ್ನು ಬಳೆ ಕೊಡುತ್ತದೆ. ಕಳೆದ ಹಬ್ಬದಲ್ಲಿ ಸಲೀಸಾಗಿ ಏರಿದ ಅದೇ ಅಳತೆಯ ಗಾಜಿನ ಬಳೆ ಈ ಬಾರಿ ಅಂಗೈ ಮುಗಿದು ಬೆರಳು ಮೊದಲಾಗುವ ಗೆಣ್ಣುಗಳ ಸಾಲಿನಲ್ಲಿ ತಡೆದು ನಿಲ್ಲುತ್ತದೆ. ಸೋಪು ಹಚ್ಚಿ ಹೆಬ್ಬೆರಳನ್ನು ಅಂಗೈಗೆ ಒತ್ತಿ ಏರಿಸಹೋದರೆ ಪ್ರಾಣ ಹೋದಂತಾಗುತ್ತದೆ. ಮೈ ಬಂದಿದೆ ಎಂದುಕೊಂಡು ಮುಂದಿನ ಅಳತೆಯ ಬಳೆ ಕೊಳ್ಳುವವರೇ ಹೆಚ್ಚು. ಆದರೆ ಈ ಗೆಣ್ಣುಗಳು, ಬೆರಳಿನ ನಡುಗೆಣ್ಣುಗಳು, ಮಣಿಕಟ್ಟು ಮತ್ತು ಪಾದದ ಬೆರಳುಗಳ ಬುಡ, ಇವೇ ಸಂಧಿವಾತ ಮೊದಲು ಹಿಡಿಯುವ ಜಾಗಗಳು. ಉಗುರಿಗೆ ಹತ್ತಿರದ ಕೊನೆಯ ಗೆಣ್ಣನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮತ್ತು ಬಲಗೈಯನ್ನು ಹಿಡಿದರೆ ಎಡಗೈಯನ್ನೂ ಬಿಡುವುದಿಲ್ಲ. ಅನುಭವಿ ವೈದ್ಯರು ರೋಗಿಯ ಕೈಯನ್ನು ಹಸ್ತಲಾಘವ ಮಾಡುವ ರೀತಿಯಲ್ಲಿ ಹಿಡಿದು ಗೆಣ್ಣುಗಳ ಸಾಲನ್ನು ಅಡ್ಡಲಾಗಿ ಮೆಲ್ಲನೆ ಒತ್ತಿ ನೋಡುವುದು ಇದೇ ಕಾರಣಕ್ಕೆ.

ಕೀಲಿನ ಒಳಗೆ ನಡೆಯುವುದು ಸವೆತವಲ್ಲ, ಉರಿಯೂತ. ಎರಡು ಮೂಳೆಗಳು ಸೇರುವೆಡೆಯನ್ನು ಒಳಗಿನಿಂದ ಆವರಿಸಿ, ಅದಕ್ಕೆ ಬೇಕಾದ ಜಾರುದ್ರವವನ್ನು ಒಸರುವ ತೆಳುವಾದ ಪೊರೆಗೆ ಸೈನೋವಿಯಲ್ ಪೊರೆ ಎಂದು ಹೆಸರು. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ಈ ಪೊರೆಯ ಮೇಲೆಯೇ ತಿರುಗಿಬಿದ್ದಾಗ ಅದು ಊದಿಕೊಂಡು, ದಪ್ಪಗಾಗಿ, ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯ ಮೇಲೆ ಹಬ್ಬಿ ಅದನ್ನೂ, ಅದರ ಕೆಳಗಿನ ಮೂಳೆಯನ್ನೂ ಕೊರೆಯತೊಡಗುತ್ತದೆ. ದೇಹವು ತನ್ನ ಮೇಲೆ ತಾನೇ ಎರಗುವ ಇಂಥ ಕಾಯಿಲೆಗಳನ್ನು ಸ್ವಯಂ ನಿರೋಧಕ ರೋಗಗಳೆನ್ನುತ್ತಾರೆ. ಹುಟ್ಟಿನಿಂದ ಬಂದ ಕೆಲವು ಜೀನ್‌ಗಳು ಇದಕ್ಕೆ ನೆಲ ಹದಮಾಡುತ್ತವೆ, ಧೂಮಪಾನ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಒಬ್ಬರಲ್ಲಿ ಅದು ಏಕೆ ಮೊದಲಾಯಿತು ಎಂಬುದಕ್ಕೆ ಬೆರಳಿಟ್ಟು ತೋರಿಸುವಂಥ ಒಂದೇ ಕಾರಣ ಸಿಗುವುದಿಲ್ಲ. ಉರಿಯೂತವನ್ನು ಕೆರಳಿಸುವ, ಇಂಟರ್‌ಲ್ಯೂಕಿನ್-6ರಂತಹ ರಾಸಾಯನಿಕಗಳು ರಾತ್ರಿಯ ಕೊನೆಯ ಜಾವದಲ್ಲಿ ಏರುತ್ತವೆ ಎಂಬುದೂ, ಅವನ್ನು ತಣಿಸಬೇಕಾದ ದೇಹದ ಸ್ವಂತ ಹಾರ್ಮೋನಾದ ಕಾರ್ಟಿಸಾಲ್ ಆ ಏರಿಕೆಗೆ ಸಾಲದಾಗುತ್ತದೆ ಎಂಬುದೂ ಬೆಳಗಿನ ಬಿಗಿತಕ್ಕೆ ವಿಜ್ಞಾನ ಕೊಡುವ ವಿವರಣೆ.

ರಕ್ತಪರೀಕ್ಷೆಯ ಮೇಲೆ ಜನರಿಗಿರುವ ವಿಶ್ವಾಸ ಇಲ್ಲಿ ಸ್ವಲ್ಪ ಹೆಚ್ಚಾಯಿತೇನೋ. ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯವು ಕಾಯಿಲೆಯಿಲ್ಲದ ಕೆಲವು ವೃದ್ಧರಲ್ಲೂ ಸಿಗುತ್ತದೆ, ಕಾಯಿಲೆಯಿರುವ ಹಲವರಲ್ಲಿ ಸಿಗುವುದಿಲ್ಲ. ಆಂಟಿ ಸಿಸಿಪಿ ಪರೀಕ್ಷೆ ಅದಕ್ಕಿಂತ ಖಚಿತವಾದರೂ ಪೂರ್ಣವಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಜಿಲ್ಲೆ ಜಿಲ್ಲೆಗಳಲ್ಲಿ ಹಬ್ಬಿದಾಗ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿದ ಕೀಲುಬಾವು ಹಲವರಲ್ಲಿ ಸಂಧಿವಾತವನ್ನೇ ಹೋಲುತ್ತಿತ್ತು. ಕೈಗಳನ್ನು ಮುಟ್ಟಿ ನೋಡದೆ, ಬಾವು ಎಷ್ಟು ವಾರಗಳಿಂದ ಇದೆ ಎಂದು ಕೇಳದೆ, ಬರಿಯ ರಿಪೋರ್ಟನ್ನು ಓದಿ ಈ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಚಿಕಿತ್ಸೆಯ ಇತಿಹಾಸದಲ್ಲಿ ಒಂದು ಭ್ರಮೆಯೂ ಒಂದು ಸಮಾಧಾನವೂ ಇವೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಅವರು, ಕಾಮಾಲೆ ಬಂದಾಗ ಮತ್ತು ಬಸಿರಿನ ಕಾಲದಲ್ಲಿ ಸಂಧಿವಾತ ತಾನಾಗಿ ತಗ್ಗುವುದನ್ನು ಗಮನಿಸಿ, ದೇಹದಲ್ಲಿಯೇ ಇದನ್ನು ಶಮನ ಮಾಡುವ ವಸ್ತುವೊಂದು ಇರಬೇಕೆಂದು ಊಹಿಸಿದ್ದರು. 1948ರ ಸೆಪ್ಟೆಂಬರಿನಲ್ಲಿ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಹಾರ್ಮೋನನ್ನು 29 ವರ್ಷದ ರೋಗಿಯೊಬ್ಬರಿಗೆ ಚುಚ್ಚಿದಾಗ, ಹಾಸಿಗೆಯಲ್ಲಿ ಹೊರಳಲೂ ಆಗದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಮೂಳೆ ಟೊಳ್ಳಾಗುವುದು, ಮುಖ ಊದುವುದು, ಸಕ್ಕರೆ ಏರುವುದು, ಸೋಂಕು ತಗಲುವುದು ಇವೆಲ್ಲ ತಿಳಿದುಬಂದದ್ದು ಆಮೇಲೆ. ಸ್ಟೀರಾಯ್ಡ್ ಎಂಬ ಆ ವರ್ಗದ ಔಷಧಿಗಳನ್ನು ಈಗ ಕಡಿಮೆ ಪ್ರಮಾಣದಲ್ಲಿ, ಆದಷ್ಟು ಸ್ವಲ್ಪ ಕಾಲ ಬಳಸುತ್ತಾರೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ಗಿಡಮೂಲಿಕೆ’ ಪುಡಿಯನ್ನು ನುಂಗಿದ ಎರಡೇ ದಿನದಲ್ಲಿ ನೋವು ಮಾಯವಾದರೆ, ಅದರಲ್ಲಿ ಇದೇ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಸಂಶಯಪಡುವುದು ವಿವೇಕ.

ಸಮಾಧಾನದ ಭಾಗಕ್ಕೆ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ತಳುಕು ಹಾಕಿಕೊಂಡಿದೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ನೇತೃತ್ವದಲ್ಲಿ ನಡೆದ ಫೋಲಿಕ್ ಆಮ್ಲದ ಸಂಶೋಧನೆಯಿಂದ ರಕ್ತದ ಕ್ಯಾನ್ಸರಿಗಾಗಿ ರೂಪುಗೊಂಡ ಔಷಧಿಗಳಲ್ಲಿ ಒಂದಾದ ಮೆಥೊಟ್ರೆಕ್ಸೇಟ್, 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಅಧಿಕೃತ ಮಂಜೂರಾತಿ ಪಡೆದು, ಇಂದಿಗೂ ಚಿಕಿತ್ಸೆಯ ಆಧಾರಕಂಬವಾಗಿ ಉಳಿದಿದೆ. ಅಗ್ಗದ, ಪುಟ್ಟ ಹಳದಿ ಮಾತ್ರೆ. ಕ್ಯಾನ್ಸರಿಗೆ ಕೊಡುವ ಪ್ರಮಾಣಕ್ಕೆ ಹೋಲಿಸಿದರೆ ಇಲ್ಲಿ ಕೊಡುವುದು ಅತ್ಯಲ್ಪ, ಅದೂ ವಾರಕ್ಕೆ ಒಂದೇ ದಿನ. ಈ ಸೂಚನೆಯನ್ನು ತಪ್ಪಾಗಿ ತಿಳಿದು ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದಲೇ ಎಚ್ಚರಿಕೆಯ ವೈದ್ಯರು ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯದೆ ‘ಭಾನುವಾರ ಮಾತ್ರ’ ಎಂದು ವಾರದ ಹೆಸರನ್ನೇ ಬರೆಯುತ್ತಾರೆ, ಉಳಿದ ದಿನಕ್ಕೆ ಫೋಲಿಕ್ ಆಮ್ಲ ಸೂಚಿಸುತ್ತಾರೆ, ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಾರೆ. ಗರ್ಭಿಣಿಯರಿಗೂ ಮಗು ಬಯಸುವವರಿಗೂ ಇದನ್ನು ಕೊಡುವಂತಿಲ್ಲ. ‘ಕ್ಯಾನ್ಸರ್ ಮಾತ್ರೆ’ ಎಂದು ಅಕ್ಕಪಕ್ಕದವರು ಹೇಳಿದ್ದನ್ನು ಕೇಳಿ ನಿಲ್ಲಿಸಿದವರಿಗೆ ಅದರ ಫಲ ತಿಳಿಯುವುದು ತಡವಾಗಿ, ಏಕೆಂದರೆ ಈ ಮಾತ್ರೆ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ ಮತ್ತು ನಿಲ್ಲಿಸಿದ ಒಡನೆ ಕೀಲು ದೂರು ಹೇಳುವುದೂ ಇಲ್ಲ. ಇದಕ್ಕೂ ಮಣಿಯದ ಕಾಯಿಲೆಗೆ 1990ರ ದಶಕದ ಕೊನೆಯಿಂದ ಬಂದ ಬಯಾಲಾಜಿಕ್ ಔಷಧಿಗಳಿವೆ. ಅವು ದುಬಾರಿ, ಮತ್ತು ದೇಹದಲ್ಲಿ ಅಡಗಿ ಕುಳಿತ ಕ್ಷಯ ಎದ್ದೇಳುವ ಭಯವಿರುವುದರಿಂದ ಅದರ ಪರೀಕ್ಷೆ ಮೊದಲೇ ಆಗಬೇಕು.

ಬದನೆಕಾಯಿ, ಆಲೂಗಡ್ಡೆ, ಕಡಲೆಬೇಳೆಗಳನ್ನು ‘ವಾಯು’ ಎಂದು ಬಿಡಿಸುವ ಪಥ್ಯದಿಂದ ದೊಡ್ಡ ಹಾನಿಯಿಲ್ಲ, ದೊಡ್ಡ ಲಾಭವೂ ಇಲ್ಲ. ಬೇಳೆ, ಮೊಸರು ಎಲ್ಲವನ್ನೂ ಬಿಡುತ್ತಾ ಹೋಗಿ, ಮೊದಲೇ ರಕ್ತಹೀನತೆಯಿಂದ ಬಳಲುವ ದೇಹವನ್ನು ಇನ್ನಷ್ಟು ಸೊರಗಿಸುವುದು ಮಾತ್ರ ಸರಿಯಲ್ಲ.

ಈ ಔಷಧಿಗಳು ಇಲ್ಲದ ಕಾಲದಲ್ಲಿ ಬದುಕಿದ ಫ್ರಾನ್ಸಿನ ಚಿತ್ರಕಾರ ಪಿಯೆರ್ ಓಗುಸ್ತ್ ರೆನ್ವಾರ್, ಐವತ್ತರ ಸುಮಾರಿಗೆ ಸಂಧಿವಾತ ಹಿಡಿದ ಮೇಲೂ, 1919ರಲ್ಲಿ ತೀರಿಕೊಳ್ಳುವವರೆಗೆ ಚಿತ್ರ ಬರೆದರು. ಕುಂಚವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದರೆಂಬ ಕಥೆ ಪ್ರಸಿದ್ಧ. ವಾಸ್ತವವಾಗಿ ಅಂಗೈಗೆ ಸುತ್ತುತ್ತಿದ್ದ ಬಟ್ಟೆ ಚರ್ಮ ಕೀಳದಿರಲೆಂದು, ಕುಂಚವನ್ನು ಮಡಚಿದ ಬೆರಳುಗಳ ನಡುವೆ ಬೇರೆಯವರು ಇಡುತ್ತಿದ್ದರು. ಈ ಎರಡನೆಯ ಸಂಗತಿಯೇ ಹೆಚ್ಚು ಉಪಯುಕ್ತ: ಆ ಛಲದ ಹಿಂದೆ, ಕೇಳದೆಯೇ ಕುಂಚ ಇಡಲು ಕಲಿತ ಒಂದು ಮನೆ ಇತ್ತು.

ಅಂಥ ಮನೆಯಲ್ಲಿ ಬದಲಾಗುವುದು ಮುಖ್ಯವಾಗಿ ಕೆಲಸದ ವೇಳೆ ಮತ್ತು ಕೆಲಸದ ಹಿಡಿತ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು ಹಿಂದಿನ ಸಂಜೆಗೆ ಸರಿಯುತ್ತವೆ; ತುಂಬಿದ ಪಾತ್ರೆಯನ್ನು ಬೆರಳಲ್ಲಿ ಹಿಡಿದೆತ್ತುವ ಬದಲು ಎರಡು ಅಂಗೈಗಳನ್ನು ಕೆಳಗೆ ಕೊಟ್ಟು ಎತ್ತಲಾಗುತ್ತದೆ; ಚೀಲ ಬೆರಳಿನಿಂದ ಭುಜಕ್ಕೆ ಏರುತ್ತದೆ; ತಿರುಗಿಸುವ ನಲ್ಲಿಯ ಜಾಗದಲ್ಲಿ ಮೊಣಕೈಯಿಂದ ತಳ್ಳಬಹುದಾದ ಹಿಡಿಯ ನಲ್ಲಿ ಬರುತ್ತದೆ. ಬೆಳಗ್ಗೆ ಎದ್ದೊಡನೆ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಒಂದೊಂದಾಗಿ ಆಡಿಸುವುದರಿಂದ ಬಿಗಿತ ಬೇಗ ಬಿಡುತ್ತದೆ. ಇವೆಲ್ಲಕ್ಕಿಂತ ಕಷ್ಟವಾದದ್ದು ಕಣ್ಣಿಗೆ ಕಾಣದ ದಣಿವಿಗೆ ಮನೆಯಲ್ಲಿ ಜಾಗ ಕೊಡುವುದು, ಏಕೆಂದರೆ ಉರಿಯೂತ ಇಡೀ ದೇಹದ್ದಾದ್ದರಿಂದ ಕೀಲು ಊದದ ದಿನವೂ ಅದು ಇರುತ್ತದೆ, ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಮುದ್ದೆ ತಿರುವುವುದನ್ನು ಗಂಡನೋ ಮಗನೋ ವಹಿಸಿಕೊಂಡ ಮನೆಗಳು ಇವೆ. ಮೊದಲ ಕೆಲವು ದಿನ ಅದರಲ್ಲಿ ಗಂಟು ಉಳಿದಿರುತ್ತದೆ, ಉಂಡವರು ಯಾರೂ ಅದನ್ನು ಎತ್ತಿ ಆಡುವುದಿಲ್ಲ.